ಚಿಕ್ಕದರಿಂದ ಶುರು ಮಾಡಬೇಡಿ

"ಹೊಸಬರು ತಾನೇ, ಮೊದಲು ಚಿಕ್ಕದೊಂದು ತಗೊಳ್ಳಿ ಸಾರ್. ಕೈ ಕುದುರಿದ ಮೇಲೆ ದೊಡ್ಡದು ನೋಡೋಣ."

ಸಮುದ್ರದ ಮೀನು ಸಾಕಬೇಕು ಅಂತ ಅಕ್ವೇರಿಯಂ ಅಂಗಡಿ ಮೆಟ್ಟಿಲು ಹತ್ತಿದವರಿಗೆ ಸಿಗೋ ಮೊದಲ ಬುದ್ಧಿಮಾತು ಇದು. ಕೇಳೋಕೆ ಎಷ್ಟು ಹಿತವಾಗಿದೆ ನೋಡಿ. ಸೈಕಲ್ ಕಲಿತು ಆಮೇಲೆ ಬೈಕ್ ಹತ್ತಿದ ನಮಗೆ ಇದರಲ್ಲಿ ತಪ್ಪೇ ಕಾಣಲ್ಲ. ಆದರೆ ಉಪ್ಪುನೀರಿನ ಮಟ್ಟಿಗೆ ಈ ಮಾತು ಅಪ್ಪಟ ಸುಳ್ಳು. ಹೇಳಿದವನಿಗೆ ಇದರಿಂದ ಏನೂ ಆಗಲ್ಲ, ಕೇಳಿದವನಿಗೆ ಸ್ವಲ್ಪ ದುಡ್ಡು ಹೋಗುತ್ತೆ. ಸಾಯೋದು ಮಾತ್ರ ಮೀನು.

ನಾನು ಕುಮಟಾ ಕಡೆಯವನು. ಸಾಣಿಕಟ್ಟದ ಉಪ್ಪಿನ ಆಗರ ನೋಡಿದ ಯಾವ ಹುಡುಗನನ್ನು ಕೇಳಿದರೂ ಹೇಳ್ತಾನೆ: ಬಿಸಿಲಿಗೆ ಆವಿಯಾಗೋದು ನೀರು, ಉಪ್ಪು ಅಲ್ಲೇ ಉಳಿಯುತ್ತೆ. ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ದಿನವೂ ನಡೆಯೋದು ಅದೇ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ಆಫೀಸ್ ಮೇಜಿನ ಮೇಲೆ ಚಂದ ಕಾಣುತ್ತೆ ಅಂತ ಮಾರುವ 30 ಲೀಟರಿನ ತೊಟ್ಟಿಯಿಂದ ದಿನಕ್ಕೊಂದು ಲೀಟರ್ ಆವಿಯಾಯಿತು ಅಂತಿಟ್ಟುಕೊಳ್ಳಿ. ದಸರೆಗೆ ಮೂರು ದಿನ ಊರಿಗೆ ಹೋಗಿ ಬಂದರೆ 35 ಇದ್ದದ್ದು 39ರ ಹತ್ತಿರ ಹೋಗಿರುತ್ತೆ. 450 ಲೀಟರಿನ ತೊಟ್ಟಿಯಿಂದ ದಿನಕ್ಕೆ ನಾಲ್ಕೂವರೆ ಲೀಟರ್ ಹೋದರೂ ಅದೇ ಮೂರು ದಿನಕ್ಕೆ ಅದು 36 ದಾಟಿದರೆ ಹೆಚ್ಚು. ಎರಡನೆಯದರ ಮೀನಿಗೆ ಗೊತ್ತೂ ಆಗಲ್ಲ. ಮೊದಲನೆಯದರ ಮೀನು ನೀವು ಬೀಗ ತೆಗೆಯುವ ಹೊತ್ತಿಗೆ ತೇಲುತ್ತಿದ್ದರೆ ಆಶ್ಚರ್ಯ ಇಲ್ಲ.

ಉಪ್ಪಿನ ಕತೆ ಮಾತ್ರ ಅಲ್ಲ. ಬಂಡೆಯ ಹಿಂದೆ ಒಂದು ಬಸವನಹುಳು ಸತ್ತು ಕೊಳೆತರೆ ಹೊರಡೋ ಅಮೋನಿಯಾ ಎರಡೂ ಕಡೆ ಅಷ್ಟೇ. ಅದು ಬೆರೆಯೋ ನೀರು ಮಾತ್ರ ಹದಿನೈದು ಪಟ್ಟು ವ್ಯತ್ಯಾಸ. ಏಪ್ರಿಲ್ ಮಧ್ಯಾಹ್ನದ ಸೆಕೆಗೂ ಇದೇ ಲೆಕ್ಕ. ಚಿಕ್ಕ ತೊಟ್ಟಿಯಲ್ಲಿ ತಪ್ಪನ್ನು ಗಮನಿಸಿ ಸರಿಮಾಡೋಕೆ ಸಮಯವೇ ಸಿಗಲ್ಲ. ಅದನ್ನು ನಡೆಸೋಕೆ ಪಳಗಿದ ಕೈ ಬೇಕು, ದಿನಾ ಮನೆಯಲ್ಲಿರೋ ಮನುಷ್ಯ ಬೇಕು. ಅಂದರೆ ಈ ಉದ್ಯಮ ಅತಿ ಕಷ್ಟದ ವಸ್ತುವಿಗೆ 'ಬಿಗಿನರ್ ಕಿಟ್' ಅಂತ ಚೀಟಿ ಅಂಟಿಸಿ ಮಾರುತ್ತಿದೆ. ಹೊಸದಾಗಿ ಸೇರಿದ ಇಂಟರ್ನ್ ಕೈಗೆ ಬ್ಯಾಕಪ್ ಇಲ್ಲದ ಪ್ರೊಡಕ್ಷನ್ ಸರ್ವರ್ ಕೊಟ್ಟು, "ಚಿಕ್ಕದು ತಾನೇ, ಕಲಿ" ಅನ್ನೋ ಮ್ಯಾನೇಜರ್ ಇದ್ದರೆ ನಾವು ಸುಮ್ಮನಿರ್ತೀವಾ?

ಹಾಗಾದರೆ ದೊಡ್ಡದು ತಗೊಳ್ಳಿ. ಆದರೆ ಯಾವುದು ದೊಡ್ಡದು, ಅದು ಏನೇನು ಕೇಳುತ್ತೆ ಅಂತ ದುಡ್ಡು ಕೊಡೋ ಮುಂಚೆ ಪೂರ್ತಿ ತಿಳ್ಕೊಳ್ಳಿ. ನಾಲ್ಕು ವರ್ಷದಿಂದ ಮನೆಯಲ್ಲಿ ಒಂದನ್ನು ಇಟ್ಟುಕೊಂಡಿರೋನ ಮಾತು ಇದು.

ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ನನ್ನ ಪ್ರಕಾರ ಹೊಸಬರಿಗೆ ತಕ್ಕ ಅಳತೆ ಇದು. ಇನ್ನೂ ಎತ್ತರ ಬೇಡ, ತಳ ತೊಳೆಯೋಕೆ ಕೈ ಎಟುಕಲ್ಲ. ಸುಮಾರು 450 ಲೀಟರ್ ನೀರು. ಗಾಜು, ಸ್ಟ್ಯಾಂಡು, ಬಂಡೆ, ಕೆಳಗಿನ ಸಂಪ್ ಎಲ್ಲ ಸೇರಿದರೆ 700 ಕೇಜಿಯ ಆಸುಪಾಸು, ಅದೂ ಮುಕ್ಕಾಲು ಚದರ ಮೀಟರ್ ಜಾಗದ ಮೇಲೆ. ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೇಜಿಯ ಲೆಕ್ಕದಲ್ಲಿ ವಿನ್ಯಾಸ ಮಾಡ್ತಾರೆ. ಹಾಗಂತ ನೆಲ ಕುಸಿದೇ ಬಿಡುತ್ತೆ ಅಂತಲ್ಲ, ಆ ಲೆಕ್ಕ ಇಡೀ ಕೋಣೆಗೆ ಹರಡಿದ ಭಾರದ್ದು. ಆದರೂ ಗೋಡೆಗೆ ತಾಗಿ, ಬೀಮಿನ ಮೇಲೆ ಬರೋ ಹಾಗೆ ಇಡಬೇಕು, ಬಾಲ್ಕನಿಯ ಕನಸು ಬಿಡಬೇಕು, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಬೇಕು. ಸೋಫಾದ ಬಣ್ಣಕ್ಕೆ ಮೂರು ವಾರ ಚರ್ಚೆ ಮಾಡೋ ನಾವು ಇದಕ್ಕೆ ಅರ್ಧ ಗಂಟೆ ಕೊಡಲ್ಲ ಅಂದ್ರೆ ಹೇಗೆ?

ಕರೆಂಟ್ ವಿಷಯ. ಪಂಪು, ಅಲೆ ಎಬ್ಬಿಸೋ ಮೋಟಾರು, ಪ್ರೋಟೀನ್ ಸ್ಕಿಮ್ಮರ್ ಇವಕ್ಕೆ ರಾತ್ರಿ ಹಗಲು ಅಂತಿಲ್ಲ. ದೀಪ ದಿನಕ್ಕೆ ಎಂಟೊಂಬತ್ತು ಗಂಟೆ. ಬೇಸಿಗೆಯಲ್ಲಿ ನೀರನ್ನು 26 ಡಿಗ್ರಿ ಆಸುಪಾಸಿನಲ್ಲಿ ಇಡೋಕೆ ಚಿಲ್ಲರ್. ನನ್ನ ಲೆಕ್ಕದಲ್ಲಿ ದಿನಕ್ಕೆ ಐದಾರು ಯೂನಿಟ್. ಗೃಹಜ್ಯೋತಿಯ 200 ಯೂನಿಟ್ಟನ್ನು ಇದೊಂದೇ ಹೆಚ್ಚೂಕಮ್ಮಿ ತಿಂದು ಮುಗಿಸುತ್ತೆ. ಕರೆಂಟ್ ಹೋದರೆ ಫ್ರಿಜ್ಜಿನ ಹಾಗೆ ನಾಲ್ಕು ಗಂಟೆ ಮುಚ್ಚಿಟ್ಟು ಕಾಯೋಕಾಗಲ್ಲ, ನೀರು ಅಲುಗಾಡದಿದ್ದರೆ ಆಮ್ಲಜನಕ ಇಳಿಯುತ್ತೆ. ಇನ್ವರ್ಟರ್ ಇಲ್ಲದ ಮನೆಯವರು ಕನಿಷ್ಠ ಬ್ಯಾಟರಿಯ ಏರ್ ಪಂಪ್ ಆದರೂ ಇಟ್ಟುಕೊಳ್ಳಬೇಕು.

ಇನ್ನು ನೀರು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಹವ್ಯಾಸವನ್ನು ಸಮರ್ಥಿಸಿಕೊಳ್ಳೋಕೆ ನನಗೇ ಕಷ್ಟ ಆಗುತ್ತೆ. ನಲ್ಲಿ ನೀರಿಗೆ ಉಪ್ಪು ಕದಡಿದರೆ ಸಮುದ್ರ ಆಗಲ್ಲ, ಆರ್‌ಓ ನೀರೇ ಬೇಕು. ವಾರಕ್ಕೆ ಶೇ. 10ರಷ್ಟು ಬದಲಿಸಬೇಕು ಅಂದರೆ 45 ಲೀಟರ್. ಲೀಟರಿಗೆ ಮೂರು ಲೀಟರ್ ಹೊರಚೆಲ್ಲೋ ಯಂತ್ರದಲ್ಲಿ ಅದಕ್ಕಾಗಿ ಇನ್ನೂ 135 ಲೀಟರ್ ಹೋಯಿತು. ಇದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬಂದು, ಸುಮಾರು 500 ಮೀಟರ್ ಮೇಲೆತ್ತಿಸಿಕೊಂಡು ನಮ್ಮ ನಲ್ಲಿ ತಲುಪೋ ಕಾವೇರಿ. 2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆರ್‌ಓ ಹೊರಚೆಲ್ಲಿದ ಹನಿಹನಿಯನ್ನೂ ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸೋ ವ್ಯವಸ್ಥೆ ನಿಮ್ಮ ಮನೆಯಲ್ಲಿ ಇಲ್ಲ ಅಂದ್ರೆ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಇರೋರಿಗಂತೂ ಬೇಡವೇ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ನಮ್ಮ ಊರ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಅಪ್ಪ ಯಾರ ಮದುವೆಗೆ ಹೋದರೂ ಹಾಲು ಕರೆಯೋ ಹೊತ್ತಿಗೆ ವಾಪಸ್. ತೊಟ್ಟಿ ಕೊಳ್ಳೋರು ಅಂದಾಜು ಮಾಡಬೇಕಾದ್ದು ಇದನ್ನೇ. ಇದು ಟೀವಿ ಥರದ ಸಾಮಾನಲ್ಲ, ಕೊಟ್ಟಿಗೆ. ಆನ್‌ಸೈಟ್ ಹೋಗೋ ಮನಸ್ಸಿದ್ದರೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸೋರಾದರೆ, ಬೀಗದ ಕೀಲಿ ನಂಬಿ ಕೊಡೋಕೆ ಪಕ್ಕದ ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ, ಕೊಟ್ಟಿಗೆ ಕಟ್ಟಬೇಡಿ.

ಅಂಗಡಿಯವರ ಎರಡನೇ ಮೋಸ ಅವಸರದ್ದು. ಶನಿವಾರ ಬೆಳಿಗ್ಗೆ ಗಾಜು, ಮಧ್ಯಾಹ್ನ ನೀರು, ಸಂಜೆ ಮೀನು. ಒಂದು ಬಾಟಲಿ ಬ್ಯಾಕ್ಟೀರಿಯಾ ಸುರಿದು, "ಇನ್ನೇನೂ ತೊಂದರೆ ಇಲ್ಲ ಸಾರ್" ಅಂತ ಬಿಲ್ ಕೊಡ್ತಾರೆ. ಬಾಟಲಿ ಪೂರ್ತಿ ಸುಳ್ಳಲ್ಲ, ಸ್ವಲ್ಪ ನೆರವಾಗುತ್ತೆ. ಆದರೆ ಅಮೋನಿಯಾವನ್ನು ನೈಟ್ರೈಟ್ ಮಾಡೋ, ನೈಟ್ರೈಟನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬಂಡೆಯ ಮೇಲೆ ನೆಲೆಯಾಗೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟೂ ದಿನ ಮೀನಿಲ್ಲದ ನೀರನ್ನೇ ನೋಡ್ತಾ ಕೂರಬೇಕು. ಅವಕ್ಕೆ ಆಹಾರ ಬೇಕು ಅಂತ ಒಂದು ಸಿಗಡಿ ಹಾಕಿ ಕೊಳೆಯೋಕೆ ಬಿಡ್ತಾರೆ. ಫೋನಿನಲ್ಲಿ ಹೇಳಿದಾಗ ನಮ್ಮಮ್ಮ ಕೇಳಿದ್ದು ಒಂದೇ ಮಾತು: "ಶೆಟ್ಲಿ ಕೊಳೆಸೂಕೆ ನಿಂಗೆ ಬಿಇ ಓದಿಸಿದ್ದಾ?" ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದದ್ದನ್ನು ನಿಮ್ಮದೇ ಟೆಸ್ಟ್ ಕಿಟ್ಟಿನಲ್ಲಿ ನೋಡಿದ ಮೇಲೆ ಮೊದಲ ಮೀನು. ಎರಡು ಮೂರು ವಾರ ಬಿಟ್ಟು ಇನ್ನೊಂದು.

ಇನ್ನು ಯಾರೂ ಬಾಯಿಬಿಡದ ಮಾತು. ರೀಫ್ ಟ್ಯಾಂಕ್ ಅಂದ್ರೆ ಹವಳ. ಹವಳ ದಿಬ್ಬ ಕಟ್ಟುವ ಗಟ್ಟಿ ಹವಳಗಳಷ್ಟೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿ ಇರೋದೂ ಅದೇ ಪರಿಚ್ಛೇದದಲ್ಲಿ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ಕಡಲ ಕುದುರೆಯೂ ಆ ಪಟ್ಟಿಯಲ್ಲಿದೆ. 'ಲೈವ್ ರಾಕ್' ಅಂತ ಮಾರೋ ಬಂಡೆ ಬಹಳ ಸಲ ಸತ್ತ ಹವಳದ ಅಸ್ಥಿಯೇ. "ಇಂಪೋರ್ಟೆಡ್ ಸಾರ್" ಅಂತಾರೆ. ಗಟ್ಟಿ ಹವಳದ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯ ನಿಯಂತ್ರಣದಲ್ಲಿದೆ. ಪರವಾನಗಿ ಕಾಗದ ಇರಲೇಬೇಕು. ತೋರಿಸಿ ಅನ್ನಿ. ಚೌಕಾಸಿಗೆ ಬಗ್ಗದ ಮುಖ ಆಗ ಬಾಡೋದನ್ನು ನಾನು ಒಂದಕ್ಕಿಂತ ಹೆಚ್ಚು ಅಂಗಡಿಯಲ್ಲಿ ನೋಡಿದ್ದೀನಿ.

ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಡಲು ಬಿಸಿಯಾಗಿ ಹವಳ ಬಿಳಿಚಿಕೊಳ್ಳುತ್ತಿದೆ, 2024ರಲ್ಲಿ ಲಕ್ಷದ್ವೀಪದಲ್ಲೂ ಅದೇ ಆಯಿತು. ಉಳಿದದ್ದನ್ನೂ ಉಳಿಯಿಂದ ಕಿತ್ತು, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಫ್ಲ್ಯಾಟಿಗೆ ತಂದು, ನೀಲಿ ದೀಪದ ಕೆಳಗೆ ಫೋಟೋ ತೆಗೆಯೋದನ್ನು ಪ್ರಕೃತಿ ಪ್ರೀತಿ ಅಂತ ಕರೆಯೋಕೆ ನನಗೆ ನಾಲಗೆ ಬರಲ್ಲ. ಹವಳ ನೋಡೋ ಆಸೆಯಾದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯ ದೋಣಿ ಹತ್ತಿ.

"ಹವಳ ಇಲ್ಲದ್ದು ಅದೆಂಥ ರೀಫ್ ಮಾರಾಯ?" ಅಂತ ಕೇಳ್ತಾರೆ ಗೆಳೆಯರು. ಮನುಷ್ಯ ಮಾಡಿದ ಬಂಡೆ, ಅದರ ಮೇಲೆ ತಾನಾಗಿ ಹಬ್ಬೋ ನೇರಳೆ ಪಾಚಿ, ಮರಿಕೇಂದ್ರದಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಇವುಗಳ ಮರಿ ಮಾಡಿಸೋ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಕಡಲಿಂದ ಹಿಡಿದು ತರೋ ಅಗತ್ಯವೇ ಇಲ್ಲ. ತೊಟ್ಟಿಯಲ್ಲಿ ಅವಕ್ಕೆ ಕಡಲ ಹೂವೂ ಬೇಕಿಲ್ಲ. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕಬಲ್ಲ ಮೀನು ಅವು, ನಿಮ್ಮ ಹೋಮ್ ಲೋನಿನಷ್ಟು ಆಯುಷ್ಯ. 'ಡೋರಿ' ಬೇಕು ಅಂತ ಮಕ್ಕಳು ಹಟ ಹಿಡಿದರೆ ಸಿನಿಮಾನೇ ಇನ್ನೊಂದು ಸಲ ಹಾಕಿ ತೋರಿಸಿ. ಆ ನೀಲಿ ಮೀನು ಅಡಿಯಷ್ಟು ಬೆಳೆಯುತ್ತೆ, ನಾಲ್ಕಡಿ ತೊಟ್ಟಿ ಅದಕ್ಕೆ ಜೈಲು. ಅಂಗಡಿಗೆ ಬರೋ ಡೋರಿಗಳು ಹೆಚ್ಚಾಗಿ ಕಡಲಿಂದಲೇ ಹಿಡಿದವು.

"ಹಾಗಾದ್ರೆ ಇದು ದುಡ್ಡಿದ್ದೋರಿಗೆ ಮಾತ್ರ ಅಂತೀಯಾ?" ಹೌದು, ಅಂತೀನಿ. ದುಡ್ಡು, ಜಾಗ, ಪುರುಸೊತ್ತು ಮೂರೂ ಇದ್ದೋರಿಗೆ. ಇಲ್ಲದಿದ್ದರೆ ಸಿಹಿನೀರಿನ ಗಪ್ಪಿ ಸಾಕಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಎಮ್ಮೆ ಸಾಕೋಕಾಗದವನು ಅರ್ಧ ಎಮ್ಮೆ ತರಲ್ಲ.

ಎಲ್ಲ ಯೋಚಿಸಿಯೂ ಕೊಳ್ಳೋರಿದ್ದರೆ ಹೊಸದಕ್ಕೆ ಹೋಗಬೇಡಿ. ಊರು ಬಿಡ್ತಿದ್ದೀನಿ, ತೊಟ್ಟಿ ಮಾರ್ತೀನಿ ಅನ್ನೋರು ಈ ನಗರದಲ್ಲಿ ಸದಾ ಇರ್ತಾರೆ. ಅಂಚಿನ ಸಿಲಿಕಾನ್ ಎಲ್ಲಾದರೂ ಎದ್ದಿದೆಯಾ ಅಂತ ಉಗುರಲ್ಲಿ ಮುಟ್ಟಿ ನೋಡಿ. ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದರಾ ಅಂತ ಕೇಳಿ. ಹಾಕಿದ್ದರೆ ಅದರ ಬಂಡೆ, ಮರಳು ಬೇಡ, ಸಿಗಡಿ ಬಸವನಹುಳು ಬದುಕಲ್ಲ. ನೆಲಮಹಡಿಯ ಪಾರ್ಕಿಂಗಿನಲ್ಲಿ ಎರಡು ದಿನ ನೀರು ತುಂಬಿಸಿಟ್ಟು ಸೋರಲ್ಲ ಅಂತ ಖಾತ್ರಿಯಾದ ಮೇಲೆ ಮೇಲೆ ಸಾಗಿಸಿ. 12 ಮಿಲಿಮೀಟರ್ ಗಾಜಿನದಾದರೆ ಖಾಲಿ ತೊಟ್ಟಿಯೇ 90 ಕೇಜಿ ಹತ್ತಿರ ತೂಗುತ್ತೆ. ಲಿಫ್ಟಿನ ಬಾಗಿಲನ್ನು ಇವತ್ತೇ ಅಳೆಯಿರಿ, ನಾಲ್ಕು ಜನ ಗಟ್ಟಿ ಆಳುಗಳಿಗೆ ಈಗಲೇ ಹೇಳಿಡಿ.