"ಅವನ ಸ್ವಭಾವವೇ ಹಾಗೆ" ಎನ್ನುವ ಮುನ್ನ



ಕೊನೆ ಕೊಯ್ಲು ಶುರುವಾಯಿತೆಂದರೆ ನಮ್ಮ ಶಿಕಾರಿಪುರ, ಸೊರಬದ ಕಡೆ ಅಡಿಕೆ ಸುಲಿಯುವ ಚಪ್ಪರಗಳಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ. ಯಂತ್ರ ಬಂದಿದ್ದರೂ ಕೈಸುಲಿತ ನಿಂತಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತ ತಾಯಿಯ ಪಕ್ಕದಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಗುವೂ ಕೂತಿರುವುದನ್ನು ನಾವು ಕಂಡಿದ್ದೇವೆ. "ಶಾಲೆಗೆ ಹೋಗಲ್ವೇನೋ?" ಎಂದರೆ, "ಓದು ತಲೆಗೆ ಹತ್ತಲ್ಲ ಕಣ್ರಯ್ಯಾ, ಅವನ ಸ್ವಭಾವನೇ ಹಾಗೆ" ಎಂದು ತಾಯಿ ಹೇಳುತ್ತಾಳೆ. ನಾವೂ ತಲೆಯಾಡಿಸಿ ಡಬ್ಬದ ಲೆಕ್ಕಕ್ಕೆ ಹೋಗುತ್ತೇವೆ.

ಸ್ವಭಾವ ಎಂಬುದು ನಿಜವೇ. ನ್ಯೂಯಾರ್ಕಿನ ವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲಾ ಚೆಸ್ 1956ರಲ್ಲಿ ಆರಂಭಿಸಿ 133 ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವ ತನಕ ಗಮನಿಸಿದರು. ಶೇಕಡಾ 40ರಷ್ಟು ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರು. ಶೇಕಡಾ 10ರಷ್ಟು ಹಟ, ಸಿಟ್ಟಿನವರು. ಶೇಕಡಾ 15ರಷ್ಟು ಹೊಸ ಜಾಗ, ಹೊಸ ಜನ ಎಂದರೆ ಹಿಂಜರಿದು ನಿಧಾನವಾಗಿ ಬೆರೆಯುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರದವರು. ಆದರೆ ಮಗು ದಾರಿ ತಪ್ಪುವುದು ಸ್ವಭಾವದಿಂದಲ್ಲ, ಆ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆಯಿಲ್ಲದಾಗ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ.

ಬೆಳೆಗಾರರಾದ ನಮಗೆ ಇದು ಹೊಸ ಮಾತಲ್ಲ. ಪಡುವಣ ಬಿಸಿಲಿಗೆ ಅಡಿಕೆ ಸಸಿ ಸುಡುತ್ತದೆಂದು ಬಾಳೆ ನೆಟ್ಟು ನೆರಳು ಕೊಡುತ್ತೇವೆ. ಮೆಣಸಿನ ಬಳ್ಳಿಗೆ ಆಸರೆ ಕೊಡುತ್ತೇವೆ. ಒಣಗುವುದೇ ಈ ಸಸಿಯ ಸ್ವಭಾವ ಎಂದು ಯಾರೂ ಕಿತ್ತೆಸೆಯುವುದಿಲ್ಲ.

ಐದನೆಯದೋ ಏಳನೆಯದೋ ಮುಗಿದು ಊರ ಶಾಲೆ ಬಿಟ್ಟು ಆನವಟ್ಟಿ, ಶಿರಾಳಕೊಪ್ಪದಂಥ ಊರಿಗೆ ಬಸ್ಸು ಹತ್ತುವ ಕಾಲವೇ ಮಕ್ಕಳಿಗೆ ಕಷ್ಟದ ಕಾಲ. ಕೊಯ್ಲಿಗೆಂದು ಹದಿನೈದು ದಿನ ಶಾಲೆ ತಪ್ಪಿದರೆ ಚುರುಕು ಹುಡುಗ ಹೇಗೋ ಸರಿದೂಗಿಸಿಕೊಳ್ಳುತ್ತಾನೆ. ಹಿಂಜರಿಯುವ ಹುಡುಗಿಗೆ ಮತ್ತೆ ತರಗತಿಯ ಬಾಗಿಲು ದಾಟುವುದೇ ಬೆಟ್ಟವಾಗುತ್ತದೆ. ಮುಂಗೋಪದ ಹುಡುಗ ಒಂದು ಬೈಗುಳಕ್ಕೆ ಚೀಲ ಬಿಸಾಕಿ ಬರುತ್ತಾನೆ. ಹದಿನೈದು ದಿನ ಎಲ್ಲರಿಗೂ ಒಂದೇ, ಅದರ ಪೆಟ್ಟು ಒಂದೇ ಅಲ್ಲ.

ನನ್ನ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಆರನೆಯ ತರಗತಿಯಲ್ಲಿದ್ದ ಮಗ ಎಲ್ಲರೆದುರು ಬೈಸಿಕೊಂಡು ಬಂದವನು ಮಾರನೆಯ ದಿನ ಹೋಗಲೊಪ್ಪಲಿಲ್ಲ. ಕೊಯ್ಲಿನ ಕಾಲ, ನಾಲ್ಕು ದಿನ ಇರಲಿ, ಅಂಗಳಕ್ಕೆ ಒಂದಾಳಾಯಿತು ಎಂದುಕೊಂಡೆ. ನಾಲ್ಕು ದಿನ ತಿಂಗಳಾಯಿತು. ಕೊನೆಗೆ ಅವನ ಸೋದರಮಾವ ಬಂದು, ಒಂದು ವಾರ ಜೊತೆಗೆ ನಡೆದು ಶಾಲೆಗೆ ಬಿಟ್ಟರು. ಕೆಲವು ದಿನ ಪ್ರಶ್ನೆ ಕೇಳದೆ ಸುಮ್ಮನೆ ಕೂರಲು ಬಿಡಿ ಎಂದು ಮೇಷ್ಟರನ್ನು ಕೇಳಿಕೊಂಡರು. ಹುಡುಗ ಓದು ಮುಂದುವರಿಸಿದ. ನನ್ನ ಮಗನಿಗೆ ಬಿಡುವಿದ್ದ ಸೋದರಮಾವನಿದ್ದ. ನಮ್ಮ ಚಪ್ಪರದಲ್ಲಿ ಸುಲಿಯಲು ಕೂತವಳ ಮಗನಿಗೆ ಯಾರಿದ್ದಾರೆ?

ನಮ್ಮ ತಾಳಗುಂದದ ಶಾಸನದ ಕಥೆ ಹೇಳಿ ವಾದಿಸುವವರುಂಟು. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನ ತಾಳದೆ ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ನಿಜ. ಸಿಟ್ಟು ಮಾಡಿ ಓದು ಬಿಟ್ಟದ್ದಕ್ಕೆ ಸಿಂಹಾಸನ ಸಿಕ್ಕಿದ್ದು ಅವನಿಗೆ. ನಮ್ಮ ಹುಡುಗರ ಕೈಗೆ ಸಿಗುವುದು ಮೆಟ್ಟುಗತ್ತಿ.

ಕಾನೂನೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಮಗುವಿಗೆ ಶಾಲೆ ಹಕ್ಕು. 2016ರ ತಿದ್ದುಪಡಿಯ ನಂತರ 14 ತುಂಬದವರನ್ನು ಕೂಲಿಗೆ ಹಚ್ಚುವಂತಿಲ್ಲ. ಸ್ವಂತ ಮನೆಗೆಲಸದಲ್ಲಿ ನೆರವಾಗುವುದೂ ಶಾಲೆಯ ಹೊತ್ತು ಬಿಟ್ಟು ಮಾತ್ರ. ಆದರೆ ದಂಡದ ಹೆದರಿಕೆಗಿಂತ ನಮ್ಮ ಮನಸ್ಸು ಮುಖ್ಯ.

ನನ್ನ ಸಲಹೆ ಮೂರೇ. ಹದಿನಾಲ್ಕು ತುಂಬದ ಮಗುವಿನ ಹೆಸರಿನಲ್ಲಿ ಯಾರ ಅಂಗಳದಲ್ಲೂ ಡಬ್ಬದ ಲೆಕ್ಕ ಬೇಡ. ಸುಲಿಯಲು ಬರುವವರ ಮಗು ಮೂರು ದಿನ ಶಾಲೆ ತಪ್ಪಿಸಿದರೆ ಅಂಗಳದ ಯಜಮಾನರೇ ಹೋಗಿ ಮೇಷ್ಟರೊಡನೆ ಮಾತಾಡಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಮ್ಮ ಸದಸ್ಯರು ಇದರ ಹೊಣೆ ಹೊರಲಿ. ಮೂರನೆಯದಾಗಿ, ಮಗುವಿನ ಎದುರಿಗೆ "ದಡ್ಡ", "ಮೊಂಡ" ಎಂಬ ಮಾತು ನಿಲ್ಲಲಿ.

ಈ ವಿಷಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಕೊಯ್ಲಿಗೆ ಮೊದಲೇ, ಚರ್ಚೆಗೆ ಬರಲೆಂದು ಕೋರುತ್ತೇನೆ.

— ಸೊರಬ ತಾಲ್ಲೂಕಿನ ಒಬ್ಬ ಸದಸ್ಯ