ತಿಂಗಳು ತುಂಬದ ಮಗುವಿನ ವಯಸ್ಸು

ಮಗುವಿನ ವಯಸ್ಸನ್ನು ಲೆಕ್ಕಹಾಕಲು ಯಾವ ಪಾಂಡಿತ್ಯವೂ ಬೇಕಿಲ್ಲವೆಂದು ನಾವೆಲ್ಲರೂ ತಿಳಿದಿರುವೆವು. ಹುಟ್ಟಿದ ದಿನ ಗೊತ್ತಿದ್ದರೆ ಸಾಕು, ಬೆರಳು ಮಡಚಿ ಎಣಿಸಬಹುದು. ಆದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ವಿಷಯದಲ್ಲಿ ಈ ಎಣಿಕೆ ದಾರಿ ತಪ್ಪಿಸುವುದೆಂದೂ, ಅದರಿಂದ ತಾಯಿಗೂ ಮಗುವಿಗೂ ಅನ್ಯಾಯವಾಗುವುದೆಂದೂ ನನ್ನ ಅಭಿಪ್ರಾಯ. ನಾನು ಕಲಾವಿಭಾಗದ ವಿದ್ಯಾರ್ಥಿ, ವೈದ್ಯಶಾಸ್ತ್ರ ಓದಿದವನಲ್ಲ. ಆದರೆ ಕೂಡುವುದು ಕಳೆಯುವುದು ಬಲ್ಲ ಯಾರಾದರೂ ಈ ಮಾತನ್ನು ಆಡಬಹುದು.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ನನ್ನ ಅಕ್ಕನ ಮಗ ಎಂಟು ವಾರ ಮುಂಚಿತವಾಗಿ ಹುಟ್ಟಿದನು. ಎಂಟು ತಿಂಗಳಾದರೂ ಅವನು ಆಸರೆಯಿಲ್ಲದೆ ಕೂರುತ್ತಿರಲಿಲ್ಲ. ಅದೇ ವಾರ ಹುಟ್ಟಿದ್ದ ಪಕ್ಕದ ಮನೆಯ ಕೂಸು ಆಗಲೇ ಅಂಬೆಗಾಲಿಡುತ್ತಿತ್ತು. ಮನೆಗೆ ಬಂದವರೆಲ್ಲ, “ಇನ್ನೂ ಕುಂತಿಲ್ವೇನವ್ವಾ?” ಎಂದು ಕೇಳುವವರೇ. ಒಬ್ಬರು ಅಕ್ಕನ ಎದೆಹಾಲನ್ನು ದೂರಿದರು. ಇನ್ನೊಬ್ಬರು ಬಸುರಿಯಾಗಿದ್ದಾಗ ಅವಳು ಶೇಂಗಾ ಹೊಲಕ್ಕೆ ಹೋದುದನ್ನು ದೂರಿದರು. ಕಡೆಗೆ ಅವಳು ಮಗುವನ್ನೆತ್ತಿಕೊಂಡು ಜಗುಲಿಗೆ ಬರುವುದನ್ನೇ ಬಿಟ್ಟಳು. ಕೊರತೆಯಿದ್ದುದು ಮಗುವಿನಲ್ಲೋ, ನಮ್ಮ ಎಣಿಕೆಯಲ್ಲೋ ಎಂದು ಯಾರೂ ಕೇಳಲಿಲ್ಲ.

ಗರ್ಭದ ಅವಧಿಯನ್ನು ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದ 40 ವಾರ, ಅಂದರೆ 280 ದಿನಗಳೆಂದು ಎಣಿಸುವರು. 37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. ಮಿದುಳು ಬಲಿಯುವುದು, ಕೈಕಾಲು ಮಡಚಿ ಹಿಡಿಯುವಷ್ಟು ಸ್ನಾಯುಗಳಿಗೆ ಬಿಗಿ ಬರುವುದು, ಇವೆಲ್ಲ ಕೊನೆಯ ವಾರಗಳಲ್ಲಿ ಭರದಿಂದ ನಡೆಯುವ ಕೆಲಸಗಳು. 34ನೆಯ ವಾರದಲ್ಲಿ ಮಿದುಳಿನ ತೂಕ ತಿಂಗಳು ತುಂಬಿದಾಗಿನ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹೆರಿಗೆ ಬೇಗ ಆಯಿತೆಂದು ಈ ಕೆಲಸ ಬೇಗ ಮುಗಿಯುವುದಿಲ್ಲ. ಉಳಿದ ಪಾಲನ್ನು ಮಗು ಹೊರಗೆ ಬಂದು ಪೂರೈಸಿಕೊಳ್ಳಬೇಕು.

ಆದುದರಿಂದ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯುವರು. ಉಳಿದುದು ಸರಿಪಡಿಸಿದ ವಯಸ್ಸು. ನನ್ನ ಅಕ್ಕನ ಮಗನ ಎಂಟು ತಿಂಗಳಿನಲ್ಲಿ ಎರಡು ಕಳೆದರೆ ಆರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯಂತೆ ಮಕ್ಕಳು ಆಸರೆಯಿಲ್ಲದೆ ಕೂರುವುದು ಸರಾಸರಿ ಆರನೆಯ ತಿಂಗಳಿನಲ್ಲಿ. ಕೆಲವರು ನಾಲ್ಕಕ್ಕೇ ಕೂರುವರು, ಕೆಲವರು ಒಂಬತ್ತಕ್ಕೆ. ಹೀಗಿರುವಲ್ಲಿ ಅವನು ತಡವಾದುದು ಎಲ್ಲಿ?

ನಮ್ಮ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹೊಲಕ್ಕೆ ಮಳೆ ಮೊದಲು ಬಂತು, ಇನ್ನೊಂದಕ್ಕೆ ಇಪ್ಪತ್ತು ದಿನ ತಡವಾಯಿತು. ಎರಡರ ಶೇಂಗಾವನ್ನೂ ಒಂದೇ ದಿನ ಕಿತ್ತು, ಎರಡನೆಯದರ ಕಾಯಿ ಜೊಳ್ಳೆಂದು ಬಯ್ಯುವವನನ್ನು ಕಂಡರೆ ಊರೇ ನಗುವುದು. ಬೆಳೆಗೆ ತೋರುವ ಈ ನ್ಯಾಯವನ್ನು ಕೂಸಿಗೆ ಏಕೆ ತೋರಬಾರದು?

ತಿರುವನಂತಪುರದ ಶಿಶು ವಿಕಾಸ ಕೇಂದ್ರದವರು ರಚಿಸಿದ, 1991ರಲ್ಲಿ ಪ್ರಕಟವಾದ ಒಂದು ಪಟ್ಟಿಯಿದೆ. ಎರಡು ವರ್ಷದೊಳಗೆ ಮಗು ಕಲಿಯುವ 17 ಕೆಲಸಗಳು ಅದರಲ್ಲಿವೆ. ಮಗುವಿನ ವಯಸ್ಸಿನ ತಿಂಗಳ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅದರ ಎಡಕ್ಕೆ ಮುಗಿಯುವ ಕೆಲಸಗಳೆಲ್ಲ ಮಗುವಿಗೆ ಬರುತ್ತಿರಬೇಕು. ಎಂಟು ವಾರ ಮುಂಚೆ ಹುಟ್ಟಿದ ಮಗುವಿಗೆ ಆ ಪೆನ್ಸಿಲನ್ನು ಎರಡು ತಿಂಗಳು ಎಡಕ್ಕೆ ಸರಿಸಬೇಕು. ನಾನು ಹೇಳುತ್ತಿರುವುದು ಇಷ್ಟೇ.

ಆದರೆ ಈ ರಿಯಾಯಿತಿಗೆ ಮಿತಿಯುಂಟು. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಬಹಳ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಪರೀಕ್ಷೆಯೂ ಹುಟ್ಟಿದ ತಿಂಗಳೊಳಗೇ ಆಗಬೇಕು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆಯವರು ಇದಕ್ಕಾಗಿಯೇ ಕ್ಯಾಮರಾ ಹೊತ್ತು ಜಿಲ್ಲೆಗಳಿಗೆ ಬರತೊಡಗಿದರು. ವಾರಗಳನ್ನು ಕಳೆಯುವ ಲೆಕ್ಕವೂ ಸಾಮಾನ್ಯವಾಗಿ ಎರಡು ವರ್ಷದವರೆಗೆ ಮಾತ್ರ. ಎಂಟು ತಿಂಗಳಿನಲ್ಲಿ ಎರಡು ತಿಂಗಳೆಂದರೆ ಕಾಲುಭಾಗ. ಇಪ್ಪತ್ತನಾಲ್ಕರಲ್ಲಿ ಅದು ಹನ್ನೆರಡನೆಯ ಒಂದು ಭಾಗ.

ಇನ್ನೊಂದು ಅಪಾಯವೂ ಇದೆ. “ಮುಂಚೆ ಹುಟ್ಟಿದ್ದು, ನಿಧಾನವಾಗಿ ಕಲಿಯುತ್ತದೆ ಬಿಡಿ” ಎಂದು ಸುಮ್ಮನಿರುವುದು ಹಂಗಿಸುವುದಕ್ಕಿಂತ ಕಡಿಮೆ ಅನ್ಯಾಯವಲ್ಲ. ವಾರಗಳನ್ನು ಕಳೆದ ಮೇಲೂ ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತಕ್ಕೆ ಕೂರದಿದ್ದರೆ, ಹದಿನೆಂಟಕ್ಕೆ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಸರಿಯಾದ ಎಣಿಕೆ ಸುಳ್ಳು ಭಯವನ್ನು ಕಳೆಯುವಂತೆ ನಿಜವಾದ ತೊಂದರೆಯನ್ನೂ ಬಯಲಿಗೆ ತರುವುದು.

2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದರೆಂದು ಅಂದಾಜು. ಬೇರಾವ ದೇಶದಲ್ಲೂ ಇಷ್ಟು ಸಂಖ್ಯೆಯಿರಲಿಲ್ಲ. ಹೀಗಾಗಿ ಇಂಥ ಮಗುವಿಲ್ಲದ ಊರು ಸಿಗುವುದು ಕಷ್ಟ. ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲಿಗರು. ಮನೆಗೆ ಬಂದ ಕಾಗದಪತ್ರಗಳನ್ನು ಓದಿ ಹೇಳುವ ಹೊಣೆ ನಮ್ಮದೇ. ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವೆಂದು ಒಂದು ತಾರೀಖು ಬರೆದಿರುವುದು. ಮಗು ಹುಟ್ಟಿದೊಡನೆ ಅದನ್ನು ಯಾರೂ ನೋಡುವುದಿಲ್ಲ. ಸಹಪಾಠಿ ಮಿತ್ರರೇ, ಈ ಸಲ ರಜೆಗೆ ಊರಿಗೆ ಹೋದಾಗ ಅಂಥ ಮಗುವಿರುವ ಮನೆಯಲ್ಲಿ ಆ ಕಾರ್ಡನ್ನು ಕೇಳಿ ತೆಗೆಸಿ, ಆ ತಾರೀಖಿನಿಂದ ತಿಂಗಳುಗಳನ್ನು ಎಣಿಸಿ, ತಾಯಿಗೂ ಅತ್ತೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿರಿ.