ಧನ ಹೋಗಿ ದನವಾದಾಗ

"ಓದೋಕೆ ಬರುತ್ತಲ್ಲ, ಸಾಕು ಬಿಡಿ." ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ, ಶಾಲೆಗಳ ಆಫೀಸು ಕೋಣೆಗಳಲ್ಲಿ ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಲೇಸರ್ ಪ್ರಿಂಟರ್ ತಂದ ದಿನ ಯಾರೋ ಎಕಾನಮಿ ಮೋಡ್‌ಗೆ ಟಿಕ್ ಹಾಕಿದರು. ಅಂದಿನಿಂದ ಪ್ರಾಪರ್ಟೀಸ್ ಕಿಟಕಿಯನ್ನು ಒಬ್ಬರೂ ತೆರೆದಿಲ್ಲ. ಕ್ರಯಪತ್ರವೂ ಅದರಲ್ಲೇ, ಪ್ರಶ್ನೆಪತ್ರಿಕೆಯೂ ಅದರಲ್ಲೇ, ಆಫ್‌ಸೆಟ್ ಪ್ಲೇಟಿಗೆ ಹೋಗುವ ಬಟರ್ ಪೇಪರೂ ಅದರಲ್ಲೇ.

ಕನ್ನಡಕ್ಕೆ ಅದು ಸಾಲದು. ದ ಮತ್ತು ಧ ನಡುವೆ ಇರುವುದು ಅಡಿಯ ಒಂದು ಪುಟ್ಟ ಗೀಟು ಮಾತ್ರ. ಬ-ಭ, ಡ-ಢ, ಪ-ಫ ಕತೆಯೂ ಅದೇ. 300 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ, 12 ಪಾಯಿಂಟ್ ಎಂದರೆ ಎತ್ತರಕ್ಕೆ ಒಟ್ಟು 50 ಚುಕ್ಕೆ; ಅದರಲ್ಲಿ ಆ ಗೀಟಿನ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ಎಕಾನಮಿ ಮೋಡ್ ಟೋನರನ್ನು ಉಳಿಸುವುದೇ ಚುಕ್ಕೆಗಳನ್ನು ತೆಳುಮಾಡಿ. ಹಾಗೆ ತೆಳುವಾದ ಹಾಳೆಯನ್ನು ಎರಡು ಸಲ ಜೆರಾಕ್ಸ್ ಮಾಡಿ ನೋಡಿ: ಧನ ದನವಾಗುತ್ತದೆ, ಭಾರ ಬಾರವಾಗುತ್ತದೆ, ಒತ್ತಕ್ಷರಗಳು ಕರಿ ಉಂಡೆಯಾಗಿ ಕೂರುತ್ತವೆ. ವಿಭಾಗಪತ್ರವೊಂದರ ನಕಲಿನಲ್ಲಿ ಸರ್ವೆ ನಂಬರಿನ 3 ಮತ್ತು 8ನ್ನು ಬೇರ್ಪಡಿಸಲು ನಾನು ಭೂತಗನ್ನಡಿ ಹಿಡಿದು ಕೂತಿದ್ದೇನೆ. ಉಳಿದದ್ದು ಎಷ್ಟು? ಒಂದು ಚಿಟಿಕೆ ಪುಡಿ. ಆ ಉಳಿತಾಯವೂ ಪೂರ್ತಿ ನಿಜವಲ್ಲ. ಸದಾಕಾಲ ಈ ಮೋಡಿನಲ್ಲೇ ಓಡಿಸಿದರೆ ಟೋನರ್ ಮುಗಿಯುವ ಮುನ್ನ ಕಾರ್ಟ್ರಿಡ್ಜಿನ ಒಳಭಾಗಗಳೇ ಸವೆದುಹೋಗಬಹುದೆಂದು ಎಚ್‌ಪಿಯ ಕೈಪಿಡಿಗಳೇ ಎಚ್ಚರಿಸುತ್ತವೆ. ಕೈಪಿಡಿಯನ್ನು ನೀವು ಡಬ್ಬದ ಜೊತೆ ಅಟ್ಟಕ್ಕೆ ಎಸೆದಿದ್ದೀರಿ.

ಇನ್ನು ಮೆಮೊರಿ. ಸರ್ವೆ ನಕ್ಷೆ ಅರ್ಧ ಬಂದು, ಉಳಿದರ್ಧ ಮುಂದಿನ ಹಾಳೆಗೆ ಬಿದ್ದರೆ ಏನು ಮಾಡುತ್ತೀರಿ? ಸ್ವಿಚ್ ಆರಿಸಿ ಮತ್ತೆ ಹಾಕುತ್ತೀರಿ. ಮತ್ತೂ ಅರ್ಧವೇ ಬರುತ್ತದೆ. ಆಗ "ಮಷೀನು ಹಳೇದಾಯ್ತು" ಎಂಬ ತೀರ್ಪು. ತಪ್ಪು ಮಷೀನಿನದಲ್ಲ! ಇಂಕ್‌ಜೆಟ್ ಸಾಲಿನ ಕೊನೆಗೆ ನಿಂತು ಕಾಯಬಲ್ಲದು. ಲೇಸರಿನ ಡ್ರಮ್ ಒಮ್ಮೆ ತಿರುಗಿತೆಂದರೆ ಪುಟ ಮುಗಿಯುವವರೆಗೆ ನಿಲ್ಲದು. ಅದರ ಓಟಕ್ಕೆ ತಕ್ಕಂತೆ ಚುಕ್ಕೆಗಳು ಮೆಮೊರಿಯಲ್ಲಿ ಸಿದ್ಧವಿರಲೇಬೇಕು. 1984ರ ಮೊದಲ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕೆಬಿ. 300 ಡಿಪಿಐಯ ಒಂದು ಎ4 ಪುಟಕ್ಕೆ ಸುಮಾರು 1 ಎಂಬಿ ಬೇಕು; ಹಾಗಾಗಿ ಪುಟ ತುಂಬುವ ಚಿತ್ರ ಅದರ ಕೈಗೆ ಎಟುಕುತ್ತಿರಲಿಲ್ಲ. ಮರುವರ್ಷ ಬಂದ ಆಪಲ್ ಲೇಸರ್‌ರೈಟರ್‌ಗೆ 1.5 ಎಂಬಿ ಕೊಟ್ಟದ್ದು ಸುಮ್ಮನೆ ಅಲ್ಲ. ಡಿಪಿಐ ದುಪ್ಪಟ್ಟಾದರೆ ಮೆಮೊರಿ ನಾಲ್ಕು ಪಟ್ಟು ಬೇಕು: 600ಕ್ಕೆ ನಾಲ್ಕು ಎಂಬಿ ದಾಟುತ್ತದೆ, 1200ಕ್ಕೆ ಹದಿನೇಳು. ಪುಟದ ಮಾಹಿತಿಯನ್ನು ಒತ್ತಿ ಕಿರಿದಾಗಿಸುವ ಜಾಣ್ಮೆ ಪ್ರಿಂಟರಿಗಿದೆ ನಿಜ, ಆದರೆ ಗಿಜಿಗುಟ್ಟುವ ನಕ್ಷೆಯ ಮುಂದೆ ಅದೂ ಸೋಲುತ್ತದೆ.

ಆಗ 1200ರಿಂದ 600ಕ್ಕೆ ಇಳಿಸಿ. ನಕ್ಷೆಯ ಗೆರೆಗೆ ಅಷ್ಟು ಸಾಕು. ಪೇಜ್ ಪ್ರೊಟೆಕ್ಟ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ, ಪುಟಕ್ಕೆ ಬೇಕಾದ ಜಾಗವನ್ನು ಪ್ರಿಂಟರ್ ಮೊದಲೇ ಕಾದಿರಿಸುತ್ತದೆ. ದುಡ್ಡು ಕೊಟ್ಟು ಹೊಸ ಮೆಮೊರಿ ಹಾಕಿಸಿ, ಡಿವೈಸ್ ಸೆಟಿಂಗ್ಸ್‌ನಲ್ಲಿ ಹಳೆಯ ಅಂಕಿಯನ್ನೇ ಬಿಟ್ಟವರನ್ನೂ ಕಂಡಿದ್ದೇನೆ. ಎಷ್ಟೋ ಡ್ರೈವರ್‌ಗಳಿಗೆ ನೀವು ಹೇಳದೆ ಅದು ತಿಳಿಯುವುದೇ ಇಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ಕಾಗದದ ಬಗೆ. ಟೋನರ್ ಶಾಯಿಯಲ್ಲ, ಪ್ಲಾಸ್ಟಿಕ್ ಪುಡಿ. ಫ್ಯೂಸರಿನ ಬಿಸಿಗೆ ಕರಗಿ ಹಾಳೆಗೆ ಅಂಟಬೇಕು. ದಪ್ಪನೆಯ ಡಾಕ್ಯುಮೆಂಟ್ ಶೀಟ್ ಇಟ್ಟು ಸೆಟಿಂಗನ್ನು 'ಪ್ಲೇನ್' ಎಂದೇ ಬಿಟ್ಟರೆ ಆ ಬಿಸಿ ಸಾಲುವುದಿಲ್ಲ. ಅಂಗಡಿಯಲ್ಲಿ ಹಾಳೆ ಕರ್ರಗೆ ಚೆನ್ನಾಗಿಯೇ ಕಾಣುತ್ತದೆ. ಹೊಲ ಕೊಂಡವರು ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟು, ಹತ್ತು ವರ್ಷದ ಮೇಲೆ ಬಿಚ್ಚಿದಾಗ ಮಡಿಕೆಯ ಉದ್ದಕ್ಕೂ ಅಕ್ಷರ ಹಪ್ಪಳೆಯೆದ್ದು ಉದುರಿರುತ್ತದೆ. ಅದೇ ಮಡಿಕೆಯಲ್ಲಿ ಚಕ್ಕುಬಂದಿ ಇರುತ್ತದೆ.

ಪತ್ರ ಕೊಡುವ ಮುನ್ನ ಹಾಳೆಯ ಮೂಲೆಯನ್ನು ಮಡಚಿ, ಬೆರಳಿನಿಂದ ಒಮ್ಮೆ ಉಜ್ಜಿ. ಬೆರಳು ಕಪ್ಪಾದರೆ ಆ ಪ್ರತಿಯನ್ನು ಹರಿದು, 'ಹೆವಿ' ಆರಿಸಿ, ಇನ್ನೊಂದು ತೆಗೆಯಿರಿ. ಅದರ ದುಡ್ಡು ಗಿರಾಕಿಯಿಂದ ಕೇಳಬೇಡಿ.